ದುಕ್ಮ್ ದಾರಿಯಲ್ಲಿ ಒಂದಿಷ್ಟು ಹೆಮ್ಮೆ

ಬೆಳಿಗ್ಗೆ ಐದಕ್ಕೆ ಒಮಾನಿನ ಘಾಲಾದ ಆಫೀಸಿನಿಂದ ಕಾರು ಹೊರಟಾಗಲೇ ನನಗೆ ಮೈಯೆಲ್ಲ ಉರಿಯುತ್ತಿತ್ತು. ದುಕ್ಮ್‌ನ ಕಾರ್ಮಿಕರ ಕ್ಯಾಂಪಿಗೆ ನಾನು ವಿನ್ಯಾಸ ಮಾಡಿದ್ದ ನೀರಿನ ಟ್ಯಾಂಕಿನ ಸ್ಟ್ಯಾಂಡನ್ನು ಮ್ಯಾನೇಜರ್ ಪ್ರಭಾಕರ್ ತಮ್ಮ ಹೆಸರಿನಲ್ಲಿ ಒಪ್ಪಿಸಿದ್ದರು. ಕೆಲಸ ಬೇಗ ಮುಗಿಯಲೆಂದು ಕಾಲುಗಳನ್ನು ಬಿಗಿಹಿಡಿಯುವ ಬ್ರೇಸಿಂಗನ್ನೂ ಅರ್ಧಕ್ಕರ್ಧ ತೆಗೆಸಿದ್ದರು. ಅಂದು ಟ್ಯಾಂಕಿಗೆ ಮೊದಲ ಸಲ ನೀರು ತುಂಬಿಸುವ ದಿನ.

"ಹೆಸರು ನೀವೇ ಇಟ್ಕೊಳ್ಳಿ ಸರ್. ಬ್ರೇಸಿಂಗ್ ಯಾಕೆ ತೆಗೆಸಿದ್ರಿ?" ಎಂದೆ.

"ಎಂತ ಮಾರಾಯ್ತಿ, ಸ್ವಲ್ಪ ವಿನಯ ಬೇಕು. ಅದೆಲ್ಲ ಖಲಾಸ್," ಎಂದರು ಉಡುಪಿ ಕಡೆಯ ಪ್ರಭಾಕರ್, ಮುಂದಿನ ಸೀಟಿನಿಂದ ತಿರುಗಿಯೂ ನೋಡದೆ.

ಸಿನಾವ್‌ನಲ್ಲಿ ತಿಂಡಿಗೆ ನಿಂತೆವು. ನಾನು ನೂರು ಬೈಸಾ ಕೊಟ್ಟು ಕರಕ್ ಎಂಬ ಗಟ್ಟಿ ಹಾಲಿನ ಚಹಾ ತಂದೆ. ದುಕ್ಮ್ ಬಂದರಿನ ಕೆಲಸಕ್ಕೆಂದು ನಮ್ಮ ಜೊತೆ ಬಂದಿದ್ದ ಲಂಡನ್ನಿನ ಡೇವಿಡ್, ಮನೆಯಿಂದ ತಂದ ಬ್ರೆಡ್ಡು, ಮೊಟ್ಟೆ ಬಿಚ್ಚಿದರು. ಯೆಹೂದಿಯಾದ ಅವರಿಗೆ ಊಟದ ಕಟ್ಟುನಿಟ್ಟಿತ್ತು. ಅವರ ಮುಂದೆ ಎಲ್ಲ ಹೇಳಿಕೊಂಡೆ.

"ನಮ್ಮಲ್ಲೂ ವಿನಯವೇ ದೊಡ್ಡದು," ಎಂದರು. "ನಮ್ಮ ಪ್ರವಾದಿ ಮೋಶೆಗಿಂತ ವಿನಯವಂತನಿಲ್ಲ ಅಂತಾರೆ. ತನ್ನ ಜನರನ್ನ ಬಿಡಿಸೋಕೆ ಅರಸನೆದುರು ನಿಂತು ಮಾತಾಡಿದವನೂ ಅವನೇ. ಕಲಿತವರಿಗೆ ಎಂಟರಲ್ಲೊಂದು ಪಾಲಿನ ಮತ್ತೆ ಎಂಟರಲ್ಲೊಂದು ಪಾಲಿನಷ್ಟು ಹೆಮ್ಮೆ ಬೇಕು ಅನ್ನೋರೂ ನಮ್ಮ ಹಿರಿಯರಲ್ಲಿದ್ದರು."

"ಅಷ್ಟೇ ಸಾಕಾ?" ಎಂದು ಸಿಡುಕಿದೆ.

"ಹೆಚ್ಚಾದರೆ ಸ್ಟ್ಯಾಂಡ್ ಬಿಟ್ಟು ನಿಮ್ಮನ್ನೇ ನೋಡಿಕೊಳ್ತಾ ಕೂರ್ತೀರಿ."

ಮಧ್ಯಾಹ್ನದ ಹೊತ್ತಿಗೆ ದುಕ್ಮ್ ತಲುಪಿದೆವು. ಸಮುದ್ರದ ಗಾಳಿ ಮುಖಕ್ಕೆ ಮರಳು ಎರಚುತ್ತಿತ್ತು. ಪಂಪು ಆಗಲೇ ಓಡುತ್ತಿತ್ತು. ಟ್ಯಾಂಕಿನ ನೆರಳಲ್ಲೇ ಹತ್ತಾರು ಕಾರ್ಮಿಕರು ಊಟಕ್ಕೆ ಕೂತಿದ್ದರು. ಕ್ಯಾಂಪಿನ ಒಮಾನಿ ಎಂಜಿನಿಯರ್ ಸಾಲಿಮ್ ಬಳಿಗೆ ಓಡಿದೆ.

"ನೀರು ನಿಲ್ಲಿಸಿ! ವಿನ್ಯಾಸ ನನ್ನದು. ಇಲ್ಲಿ ನಿಂತಿರೋದು ಅದಲ್ಲ, ಅರ್ಧ ಬ್ರೇಸಿಂಗ್ ಇಲ್ಲ."

"ಇವಳಿಗೆ ಅಹಂಕಾರ," ಎಂದು ಪ್ರಭಾಕರ್ ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

ನಾನು ಸಾಲಿಮ್ ಕಡೆಗೇ ತಿರುಗಿದೆ. "ನನ್ನ ಮಾತನ್ನೇ ನಂಬಬೇಡಿ. ನನ್ನ ಲೆಕ್ಕ, ಇವರ ಲೆಕ್ಕ ಎರಡನ್ನೂ ಹೊರಗಿನವರಿಗೆ ತೋರಿಸಿ. ಅಲ್ಲಿವರೆಗೆ ಊಟಕ್ಕೆ ಕೂತವರನ್ನ ಇಲ್ಲಿಂದ ಎಬ್ಬಿಸಿ."

ಸಾಲಿಮ್ ನಮ್ಮಿಬ್ಬರನ್ನೂ ನೋಡಿ ಪಂಪಿನವನಿಗೆ, "ಯಲ್ಲಾ, ಬಂದ್ ಕರೋ," ಎಂದರು. ಪಂಪು ನಿಂತಿತು.

ಸಂಜೆ ಬೇರೊಂದು ಕಂಪನಿಯ ಎಂಜಿನಿಯರು ಪರೀಕ್ಷಿಸಿದರು. ಅರ್ಧ ಬ್ರೇಸಿಂಗಿನ ಮೇಲೆ ತುಂಬಿದ ಟ್ಯಾಂಕು ಜೋರು ಗಾಳಿಗೆ ನಿಲ್ಲುತ್ತಿರಲಿಲ್ಲ. ಬುಡದ ಬೋಲ್ಟುಗಳು ಇನ್ನೂ ದಪ್ಪವಿರಬೇಕಿತ್ತು ಎಂದೂ ಅವರು ಹೇಳಿದರು. ಬೋಲ್ಟು ಆರಿಸಿದ್ದು ನಾನೇ. "ಸರಿ, ಬದಲಾಯಿಸ್ತೀನಿ," ಎಂದೆ.

ಪ್ರಭಾಕರ್ ನನ್ನನ್ನು ಬಿಟ್ಟೇ ಕಾರು ಹತ್ತಿ ಹೋದರು. ಬೋಲ್ಟಿನ ಹೊಸ ಲೆಕ್ಕ ಕೊಟ್ಟು ಮರುದಿನ ನಾನು ವಾಪಸಾಗಲು ಬಸ್ಸು ಹಿಡಿದೆ. ತಿರುವಿನಲ್ಲಿ ಕ್ಯಾಂಪು ಕಂಡಿತು. ಸ್ಟ್ಯಾಂಡಿನ ಮೇಲೆ ಬ್ರೇಸಿಂಗ್ ಮತ್ತೆ ಕೂರಿಸುವ ವೆಲ್ಡಿಂಗ್ ಕಿಡಿಗಳು ಹಾರುತ್ತಿದ್ದವು, ಕೆಳಗೆ ಯಾರೂ ಇರಲಿಲ್ಲ. ಕೋಪ ಇನ್ನೂ ಇಳಿದಿರಲಿಲ್ಲ. ಇಳಿಸಿಕೊಳ್ಳಬೇಕು ಎಂದೂ ನನಗೆ ಅನಿಸಲಿಲ್ಲ.