ಎಲ್ಲರನ್ನೂ ಊಟಕ್ಕೆ ಕರೆದ ಇನಾಮದಾರರು

ಇನಾಮದಾರರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಪಿಸುಗುಡುವಷ್ಟು ಇಳಿದರೆ ನಾವೆಲ್ಲ ಹೆದರಿ ಕೂರುತ್ತಿದ್ದೆವು. ಈ ಪರದೇಶದಲ್ಲಿ ನಮ್ಮ ಕನ್ನಡ ಸಂಘ ಕಟ್ಟಿದವರು ಅವರೇ. ನಾನು ಹೈಸ್ಕೂಲು ಓದಿ, ಟಕ್ವಿಲಾದ ಗೋದಾಮಿನಲ್ಲಿ ದುಡಿಯುತ್ತಿದ್ದವನು. ಸಂಘದ ಅಡುಗೆ ನನಗೆ ವಹಿಸಿ, ಸಾಫ್ಟ್‌ವೇರಿನವರ ನಡುವೆ ನನ್ನನ್ನು ‘ಮಂಜಣ್ಣಾರ’ ಎಂದು ಕರೆದವರೂ ಅವರೇ.

ಜಗಳ ಯಾರೊಂದಿಗಾದರೂ ಅವರದು ಒಂದೇ ಪದ್ಧತಿ. ಫೋನು, ಈಮೇಲು ಕೂಡದು. ಮನೆಗೆ ಹೋಗಿ ಅಕ್ಷತೆ ಕೊಟ್ಟು ಊಟಕ್ಕೆ ಕರೆಯಬೇಕು. ಒಮ್ಮೆ ಯುಗಾದಿಗೆ ಒಂದೇ ಹಾಲ್ ಬೇಕಾಗಿ ತೆಲುಗು ಸಂಘದವರಿಗೂ ನಮಗೂ ಕೋರ್ಟು ಹತ್ತುವಷ್ಟು ಬಿಸಿಯಾಗಿತ್ತು. ಇನಾಮದಾರರು ಫ್ಯಾಕ್ಟೋರಿಯಾದಲ್ಲಿದ್ದ ಅವರ ಅಧ್ಯಕ್ಷರ ಮನೆಗೆ ಹೋಗಿ, ಹರುಕು ತೆಲುಗಿನಲ್ಲಿ ಕರೆದು ಬಂದರು. ನನ್ನ ಎಣ್ಣೆಗಾಯಿ ಉಂಡ ಆ ಜನ, ಬೆಳಿಗ್ಗೆ ತಮಗೆ, ಸಂಜೆ ನಮಗೆ ಎಂದು ಒಪ್ಪಿ ಎದ್ದರು.

“ಉಂಡವ್ರು ಬಡದಾಡೂದಿಲ್ಲ, ಮಂಜಣ್ಣಾರ,” ಎಂದು ಇನಾಮದಾರರು ನಕ್ಕರು.

ಆಮೇಲೆ ಸಂಘದೊಳಗೇ ದಂಗೆ ಎದ್ದಿತು. ಹಳಬರು ಕುರ್ಚಿ ಬಿಡಲಿ, ಚುನಾವಣೆ ನಡೆಯಲಿ ಎಂದು ಕಿರಿಯರು ಮನವಿ ಬರೆದರು. ಮೊದಲ ಸಹಿ ಇನಾಮದಾರರ ಒಬ್ಬನೇ ಮಗ ಹರ್ಷನದು. ಅಡುಗೆಯನ್ನು ಕೇಟರಿಂಗ್‌ನವರಿಗೆ ಕೊಡಬೇಕೆಂದೂ ಅದರಲ್ಲಿತ್ತು.

“ಪರ್ಸನಲ್ ಏನಿಲ್ಲ ಅಂಕಲ್. ವಯಸ್ಸಾಯ್ತಲ್ಲ, ರೆಸ್ಟ್ ತಗೊಳ್ಳಿ,” ಎಂದ ಹರ್ಷ. ಆ ಮಾತು ನನಗೆ ನಾಟಿತು.

ಇನಾಮದಾರರು ವಿರೋಧಿಗಳನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಉಣಿಸಿದರು, ಮಗನನ್ನು ಬಿಟ್ಟು. ಮನವಿ ತೀರ್ಮಾನಿಸುವ ಸಭೆಯ ಹಿಂದಿನ ದಿನ ಬೆಳಿಗ್ಗೆ ನನ್ನ ಕೈಗೆ ಅಕ್ಷತೆಯ ಪೊಟ್ಟಣ ಕೊಟ್ಟರು. ದನಿ ಇಳಿದಿತ್ತು, ಆದರೆ ಸಿಟ್ಟಿನಿಂದಲ್ಲ.

“ಹರ್ಷಗ ಕೊಡ್ರಿ. ಅಪ್ಪ ಊಟಕ್ಕ ಕರದಾನ ಅಂತ ಹೇಳ್ರಿ. ಅಂವಾ ಬಂದ್ರ ಕುರ್ಚಿ ಬಿಡ್ತೀನಿ.”

ಕ್ಯಾನ್ಯನ್ ಪಾರ್ಕಿನ ಅವನ ಆಫೀಸಿನ ಎದುರು ಅರ್ಧ ಗಂಟೆ ಕಾರಿನಲ್ಲೇ ಕೂತೆ. ಇಳಿಯಲಿಲ್ಲ. ಇನಾಮದಾರರ ಮನೆಗೆ ಹಿಂತಿರುಗಿ, “ಬರಲ್ಲ ಅಂದ ಸಾರ್,” ಎಂದೆ. ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ದರು. ಒಂದನ್ನು ತಾವೇ ಒಳಗೆ ಒಯ್ದರು.

ಮರುದಿನ ಸಭೆಯಲ್ಲಿ ಎಲ್ಲರಿಗೂ ಕೈಮುಗಿದು, ಎಲ್ಲ ಬೇಡಿಕೆ ಒಪ್ಪಿ, ಪಿಸುದನಿಯಲ್ಲಿ ಒಂದೇ ಷರತ್ತು ಹಾಕಿದರು: ಹರ್ಷನ ಸದಸ್ಯತ್ವ ರದ್ದಾಗಬೇಕು. ಅವರ ಉಪ್ಪು ಉಂಡವರೆಲ್ಲ ಕೈ ಎತ್ತಿದರು. ನಾನೂ ಎತ್ತಿದೆ.

ಅಪ್ಪ ಮಗ ಮತ್ತೆ ಮಾತಾಡಲಿಲ್ಲ. ಈ ವರ್ಷ ಇನಾಮದಾರರು ತೀರಿಕೊಂಡರು. ಇಲ್ಲಿ ಚಿತೆಯಿಲ್ಲ, ದಹನಯಂತ್ರದ ಗುಂಡಿಯನ್ನು ಮಗ ಒತ್ತಬೇಕು. ಅದಕ್ಕೆ ಮುನ್ನ ಹರ್ಷ ನನ್ನನ್ನು ಪಕ್ಕಕ್ಕೆ ಕರೆದ.

“ಒಂದ್ಸಲನಾದ್ರೂ ಅಪ್ಪ ನನ್ನ ಕರೆದಿದ್ರಾ, ಅಂಕಲ್?”

“ಇಲ್ಲಪ್ಪ,” ಎಂದೆ.

ಅವನು ತಲೆಯಾಡಿಸಿ, ಒಳಗೆ ಹೋಗಿ ಗುಂಡಿ ಒತ್ತಿದ.

ಇಲ್ಲೇ ಬೆಳೆದ ಹರ್ಷನಿಗೆ ಕನ್ನಡ ಓದಲು ಬಾರದು. ಅದು ಗೊತ್ತಿದ್ದೇ ಇದನ್ನು ಕನ್ನಡದಲ್ಲಿ ಬರೆದೆ; ನನ್ನ ಧೈರ್ಯ ಇಷ್ಟೇ. ಓದಿದವರು ಯಾರಾದರೂ ಅವನಿಗೆ ಹೇಳಿ, ಅಪ್ಪ ಕರೆದಿದ್ದರು ಎಂದು.