ಮಿಲ್ ನಂಜಮ್ಮ ಪಡೆದ ಉತ್ತರ

ಮಗ್ಗೆ ಊರಿನ ಮಿಲ್ ನಂಜಮ್ಮನವರ ಬಾಯಲ್ಲಿ ಬರುವುದು ಎರಡೇ ಮಾತು, ಆಗುತ್ತೆ ಇಲ್ಲವೇ ಆಗಲ್ಲ. ಯಾರೇ ರಾಗಿ ತರಲಿ, ಮುಷ್ಟಿಯಲ್ಲಿ ಹಿಡಿದು ನೋಡುತ್ತಾರೆ. ತಂಡಿಯಿದ್ದರೆ "ಒಣಗಿಸ್ಕೊಂಡ್ ಬಾ, ಕಲ್ಲಿಗೆ ಮೆತ್ಕಳ್ತದೆ" ಎಂದು ಡಬ್ಬ ವಾಪಸ್ಸು ಕೊಡುತ್ತಾರೆ. ದೊಡ್ಡ ಕಾಫಿ ಪ್ಲಾಂಟರ್ ಮನೆಯವರಿಗೂ ಅದೇ ಮರ್ಯಾದೆ. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಮಿಲ್ಲನ್ನು ಒಬ್ಬರೇ ನಡೆಸುತ್ತಿದ್ದಾರೆ. ನನಗೆ ಅವರ ನಾಲಿಗೆ ಕಂಡರೆ ಈಗಲೂ ಭಯ, ಅವರ ಮೇಲೆ ಪ್ರೀತಿಯೂ ಅಷ್ಟೇ.

ಇಂಥವರಿಗೆ ಗಂಟುಬಿದ್ದದ್ದು ಪಂಚಾಯ್ತಿ. ಮಿಲ್ಲಿನ ಹಿಂದೆ, ಪಂಚಾಯ್ತಿ ಜಾಗದಲ್ಲಿ ಒಂದು ಹಳೆಯ ಹಲಸಿನ ಮರ. ಬುಡದ ಮಣ್ಣು ಕುಸಿದು ಅದು ಮಿಲ್ಲಿನ ಶೀಟಿನ ಕಡೆಗೆ ವಾಲಿತು. ಹಿಟ್ಟಿಗೆ ಕಾಯುವ ಹೆಂಗಸರು ಕೂರುವುದು ಆ ಶೀಟಿನ ಕೆಳಗೇ. ಯಾರ ಜೀವಕ್ಕೆ ಕುತ್ತು ಬರುತ್ತದೋ ಎಂದು ಮರ ಕಡಿಸಲು ನಂಜಮ್ಮ ಅರ್ಜಿ ಕೊಟ್ಟರು. ಅವರ ಕಣ್ಣೆದುರೇ ಬೆಳೆದ ಅಧ್ಯಕ್ಷ ಮಹೇಶ "ನೋಡಾಣ ಅಕ್ಕ" ಎಂದ. ಕಡಿಸಿದರೆ ಹಣ್ಣು ತಿನ್ನುವ ಅರ್ಧ ಊರಿಗೆ ಸಿಟ್ಟು. ಕಡಿಸಲ್ಲ ಎಂದರೆ, ನಾಳೆ ಏನಾದರೂ ಆದಾಗ ಅವನ ತಲೆಗೆ ಬರುತ್ತದೆ. ಹಾಗಾಗಿ ಅರ್ಜಿ ಒಂದು ಸಭೆಯಿಂದ ಇನ್ನೊಂದು ಸಭೆಗೆ ಹೋಗುತ್ತಲೇ ಇತ್ತು.

"ಇಲ್ಲ ಅಂತಾದ್ರೂ ಹೇಳೋ ಮಾರಾಯ!" ಎಂದು ನಂಜಮ್ಮ ಪಂಚಾಯ್ತಿ ಬಾಗಿಲಲ್ಲೇ ಕೂಗಾಡಿದರು. ಮಹೇಶ ನಕ್ಕು ಅವರಿಗೆ ಟೀ ತರಿಸಿದ. ಇಂಥ ನಯವಂತರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕೊನೆಗೆ ನಂಜಮ್ಮ ಸಕಲೇಶಪುರದ ವಕೀಲೆ ಚೈತ್ರಶ್ರೀಯ ಬಳಿ ಹೋದರು. ಆಕೆ ಮೊದಲೇ ಹೇಳಿದಳು: "ಮರ ಕಡೀರಿ ಅಂತ ಹೈಕೋರ್ಟು ಹೇಳಲ್ಲಮ್ಮ. ಕಡಿಯೋದು ಬಿಡೋದು ಪಂಚಾಯ್ತಿಗೆ ಬಿಟ್ಟಿದ್ದು. ಆದ್ರೆ ಸುಮ್ನೆ ಕೂರೋ ಹಕ್ಕು ಅವರಿಗಿಲ್ಲ. ಯೋಚನೆ ಮಾಡಿ, ಕಾರಣ ಬರೆದು ಉತ್ತರ ಕೊಡಿ ಅನ್ನುತ್ತೆ ಕೋರ್ಟು."

"ಅಷ್ಟ್ ಸಿಕ್ಕಿದ್ರೂ ಸಾಕು" ಎಂದರು ನಂಜಮ್ಮ.

ಅಷ್ಟೇ ಸಿಕ್ಕಿತು. ಕೋರ್ಟಿನ ಆದೇಶ ಬಂದಾಗ ಊರವರು ಗೆದ್ದೆ ಬಿಡಕ್ಕ ಎಂದು ಹೊಗಳಿದರು. ಪಂಚಾಯ್ತಿ ಸಭೆ ಸೇರಿತು. ಮರ ಗಟ್ಟಿಯಾಗಿದೆ, ಫಲ ಕೊಡುತ್ತಿದೆ, ಬೀಳುವ ಭಯವಿಲ್ಲ, ಕಡಿಯುವ ಅಗತ್ಯವಿಲ್ಲ ಎಂದು ಬರೆದು ಮಹೇಶ ಸಹಿ ಹಾಕಿದ. ಕೋರ್ಟು ಹೇಳಿದಂತೆ ಎಲ್ಲವೂ ಸರಿಯಾಗಿಯೇ ಇತ್ತು. ಬೇಕು ಬೇಕಂತಲೇ ಕೋರ್ಟಿಗೆ ಹೋಗಿ 'ಇಲ್ಲ' ಅನ್ನಿಸಿಕೊಂಡು ಬಂದಳು ಎಂದು ಅದೇ ಊರವರು ಆಡಿಕೊಂಡರು. ಅವತ್ತು ನಂಜಮ್ಮ ಬಹಳ ನೊಂದುಕೊಂಡರು. ಹೆಂಗಸರು ಕೂರುವ ಬೆಂಚನ್ನು ತಾವೇ ಎಳೆದು ರಸ್ತೆ ಕಡೆಗೆ ಹಾಕಿದರು. ತಾವು ಮಾತ್ರ ಒಳಗೆ ಆ ಮರದ ಕೆಳಗೇ ರಾಗಿ ಬೀಸುತ್ತಿದ್ದರು.

ಆಷಾಢದ ಗಾಳಿ ಶುರುವಾಯಿತು. ಒಂದು ಮಧ್ಯಾಹ್ನ ಗಾಳಿ ಜೋರಾದಾಗ ಮಹೇಶ ಬೈಕಿನಲ್ಲಿ ಬಂದವನೇ ಮಿಲ್ಲಿನೊಳಕ್ಕೆ ನುಗ್ಗಿದ. ಮುಖದಲ್ಲಿ ಆ ಹಳೆಯ ನಗು ಇರಲಿಲ್ಲ.

"ಅಕ್ಕ, ಮಿಲ್ ನಿಲ್ಸು. ಆಚೆ ಬಾ."

"ಯಾಕೋ? ಮರ ಗಟ್ಟಿ ಐತೆ ಅಂತ ನೀನೇ ಬರ್ಕೊಟ್ಟಿದ್ದೀಯಲ್ಲ?"

"ಬರ್ಕೊಟ್ಟಿದ್ದಕ್ಕೇ ಅಕ್ಕ, ನಿದ್ದೆ ಬರ್ತಿಲ್ಲ. ಆ ಕಾಗದದ ಕೆಳಗೆ ನನ್ ಹೆಸರೈತೆ."

ನಂಜಮ್ಮ ಮಿಲ್ ನಿಲ್ಲಿಸಿ ಆಚೆ ಬಂದರು. ಮುಂದಿನ ಸಭೆಯಲ್ಲಿ ಮರ ಕಡಿಸಬೇಕೆಂದು ಎದ್ದುನಿಂತು ಕೇಳಿದವನು ಮಹೇಶ. ಸದಸ್ಯರೊಬ್ಬರು "ನೋಡಾಣ ಬಿಡಿ" ಎಂದರಂತೆ. ಆಗುತ್ತೋ ಆಗಲ್ವೋ ಇವತ್ತೇ ಹೇಳಿ ಎಂದು ಮಹೇಶ ಮೇಜು ಕುಟ್ಟಿದನಂತೆ.