ಮುಟ್ಟಿದೆ ಎನ್ನುವ ಮಿಸ್ಡ್ ಕಾಲ್

ನವಿ ಮುಂಬಯಿಯ ಐರೋಲಿಯಲ್ಲಿ ಸರ್ವರ್‌ಗಳನ್ನು ಕಾಯುವುದು ನನ್ನ ಕೆಲಸ. ಕಾಯುವುದೆಂದರೆ ನಾನಲ್ಲ, ನಾನು ಬರೆದಿಟ್ಟ ಒಂದು ಸ್ಕ್ರಿಪ್ಟ್. ಮುಖ್ಯವಾದ ಪ್ರೋಗ್ರಾಮ್‌ಗಳು ಓಡುತ್ತಿವೆಯೇ ಎಂದು ಅದು ನಿಮಿಷಕ್ಕೊಮ್ಮೆ ನೋಡುತ್ತದೆ. ಯಾವುದಾದರೂ ಬಿದ್ದಿದ್ದರೆ ಎಬ್ಬಿಸಿ, ನನಗೊಂದು ಮೆಸೇಜ್ ಹಾಕುತ್ತದೆ. ಅದನ್ನು ನಂಬಿ ನಾನು ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದೆ.

ಡೊಂಬಿವಲಿಯ ನಮ್ಮ ಮನೆಯಲ್ಲೂ ಇಂಥದೇ ಒಂದು ಏರ್ಪಾಡಿತ್ತು. ಬೆಳಗಿನ ಲೋಕಲ್ ರೈಲಿನಲ್ಲಿ ಜೋತುಬಿದ್ದು ಹೋಗುವವರು ಇಳಿಯುವ ತನಕ ಮನೆಮಂದಿಗೆ ಜೀವದಲ್ಲಿ ಜೀವ ಇರುವುದಿಲ್ಲ. ಅಪ್ಪ ಠಾಣೆ ಪಟ್ಟಣದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ಅಲ್ಲಿ ಮುಟ್ಟಿದ ಕೂಡಲೇ ನನಗೊಂದು, ಅಮ್ಮನಿಗೊಂದು ಮಿಸ್ಡ್ ಕಾಲ್. ಎತ್ತಬಾರದು, ಅದು ನಿಯಮ. ಈಗ ಮಾತಾಡಿದರೆ ದುಡ್ಡು ಹೋಗುವುದಿಲ್ಲ ಎಂದರೂ ಕೇಳುವ ಆಸಾಮಿಯಲ್ಲ. ಇತ್ತೀಚೆಗೆ ಸಂಜೆ ಮನೆಗೆ ಬಂದವರೇ ತಟ್ಟೆ ಹಾಕಿಕೊಂಡು ಕೂತುಬಿಡುತ್ತಿದ್ದರು.

"ಹೋಟೆಲಲ್ಲಿ ಊಟ ಹಾಕ್ಲಿಲ್ವಾ ಇವತ್ತು?" ಎಂದು ಅಮ್ಮ ಚೇಷ್ಟೆ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಆಫೀಸಿನಲ್ಲಿ ಬಿಲ್ ಮಾಡುವ ಪ್ರೋಗ್ರಾಮ್ ಅಲ್ಲಾಡದೆ ಕೂತಿತು. ಸ್ಕ್ರಿಪ್ಟ್ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು. ಪ್ರೋಗ್ರಾಮ್ ಇದ್ದದ್ದು ನಿಜ, ಕೆಲಸ ಮಾಡುತ್ತಿರಲಿಲ್ಲ ಅಷ್ಟೆ.

"ಜಿಂದಾ ಹೈ ಕ್ಯಾ ಮತ್ ದೇಖ್, ಕುಛ್ ಸವಾಲ್ ಪೂಛ್ ಉಸ್ಕೋ!" ಎಂದು ಮ್ಯಾನೇಜರ್ ರೇಗಿದ. ಬದುಕಿದೆಯೇ ಎಂದು ನೋಡಿದರೆ ಸಾಲದು, ಏನಾದರೂ ಕೇಳಿ ನೋಡಬೇಕಂತೆ.

ಸ್ಕ್ರಿಪ್ಟ್ ತಿದ್ದಿದೆ. ಪ್ರೋಗ್ರಾಮಿಗೆ ಒಂದು ಸಣ್ಣ ಪ್ರಶ್ನೆ ಕೇಳು, ಅರ್ಧ ನಿಮಿಷದೊಳಗೆ ಉತ್ತರ ಬರದಿದ್ದರೆ ಕೊಂದು ಹೊಸದಾಗಿ ಎಬ್ಬಿಸು. ಆ ಗಡಿಬಿಡಿಯಲ್ಲಿ ಅಪ್ಪನ ಮಿಸ್ಡ್ ಕಾಲ್ ಬಂತು. ಗಿರಾಕಿಯದೆಂದುಕೊಂಡು ಎತ್ತಿಬಿಟ್ಟೆ.

"ಎತ್ತಿದ್ದು ಯಾಕೆ ಮಾರಾಯ?" ಅಪ್ಪನ ದನಿಯಲ್ಲಿ ಗಾಬರಿ.

"ತಪ್ಪಿ ಎತ್ತಿದೆ. ಹೋಟೆಲ್ ಮುಟ್ಟಿದ್ರಾ?"

"ಮತ್ತೆಂತ? ಗಲ್ಲಾದಲ್ಲೇ ಇದ್ದೇನೆ."

ತಟ್ಟೆ ಲೋಟದ ಸದ್ದಿಲ್ಲ, ಸಾಂಬಾರ್ ಕೇಳುವ ಕೂಗಿಲ್ಲ. ಕಸಾರಾ ಲೋಕಲ್ ಬರುತ್ತಿದೆ ಎಂಬ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಮಾತ್ರ ಅವರ ತಲೆಯ ಮೇಲೆಯೇ ಆಗುತ್ತಿದ್ದಂತೆ ಕೇಳಿಸಿತು.

ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ ಮನೆಗೆ ಓಡುವ ನಾನು ಆ ಸಂಜೆ ಸ್ಟೇಷನ್ನಿನಿಂದ ಹೊರಗೆ ಬಂದೆ. ಹೋಟೆಲಿನ ಶಟರ್ ಮೇಲೆ ಮೊಬೈಲ್ ಅಂಗಡಿಯೊಂದರ ಬ್ಯಾನರ್ ಇತ್ತು.

"ವೋ ತೋ ಕಬ್ ಕಾ ಬಂದ್ ಹೋ ಗಯಾ," ಎಂದ ಪಕ್ಕದ ಪಾನ್‌ವಾಲಾ. ಹೋಟೆಲ್ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಮನೆಗೆ ಹೋದರೆ ಅಪ್ಪ ಅನ್ನಕ್ಕೆ ಸಾರು ಕಲಸುತ್ತಿದ್ದರು. ಅಮ್ಮನೆದುರು ನಾನು ಏನೂ ಕೇಳಲಿಲ್ಲ.

ಮರುದಿನ ಮಿಸ್ಡ್ ಕಾಲ್ ಬಂದಾಗ ಬೇಕೆಂದೇ ಎತ್ತಿದೆ.

"ತಿಂಡಿ ಎಂತ ತಿಂದ್ರಿ, ಅಪ್ಪಾ?"

ಅತ್ತ ಒಂದು ಗಾಡಿ ಬಂದು ನಿಂತು, ಹೊರಟೂ ಹೋಯಿತು. ನನ್ನ ಸ್ಕ್ರಿಪ್ಟ್ ಆಗಿದ್ದರೆ ಅಷ್ಟರಲ್ಲಿ ಕೊಂದು ಎಬ್ಬಿಸಿಯೂ ಆಗಿರುತ್ತಿತ್ತು. ನಾನು ಫೋನನ್ನು ಕಿವಿಗೊತ್ತಿಕೊಂಡು ಕಾದೆ.

"ಈ ಪ್ರಾಯದಲ್ಲಿ ಯಾರೂ ಗಲ್ಲಾಕ್ಕೆ ಕೂರಿಸುವುದಿಲ್ಲ ಮಾರಾಯ," ಎಂದರು ಅಪ್ಪ ಕೊನೆಗೆ. "ಇಡ್ತೇನೆ. ಅಮ್ಮನಿಗೆ ಮಿಸ್ಡ್ ಕಾಲ್ ಕೊಡ್ಬೇಕು. ತಡವಾದ್ರೆ ಅವಳು ಹೆದರ್ತಾಳೆ," ಎಂದರು.